ಮೇಲೇರುವ ಕ್ಯಾನ್, ಕೆಳಗಿಳಿಯುವ ನೀರು

ಪ್ರಶ್ನೆ: ನಾನು ಸಿದ್ದಾಪುರದ ಕಡೆಯವನು. ಅಡಿಕೆ ತೋಟವಿದೆ, ಜೊತೆಗೊಂದು ಸಣ್ಣ ವೆಲ್ಡಿಂಗ್ ಶಾಪ್. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ. ಹಾಗಾಗಿ ಒಂದು ಯಂತ್ರ ಯೋಚಿಸಿದ್ದೇನೆ. 10 ಮೀಟರ್ ಎತ್ತರದ ತೊಟ್ಟಿ, ತುಂಬ ನೀರು. ತೋಟದ ಮೇಲ್ಗಡೆ ಹಳ್ಳವಿದೆ, ಪೈಪ್ ಎಳೆದರೆ ಪಂಪಿಲ್ಲದೆ ತೊಟ್ಟಿ ತುಂಬುತ್ತದೆ. ತೊಟ್ಟಿಯೊಳಗೆ ಹತ್ತಿ ಹೊರಗಡೆ ಇಳಿಯುವ ಒಂದು ಉದ್ದ ಚೈನು. ಅದಕ್ಕೆ ಮೀಟರಿಗೊಂದರಂತೆ ಬಾಯಿ ಮುಚ್ಚಿದ 20 ಲೀಟರಿನ ಖಾಲಿ ಕ್ಯಾನ್. ನೀರೊಳಗಿನವು ತೇಲಿ ಮೇಲಕ್ಕೆ ಜಗ್ಗುತ್ತವೆ, ಹೊರಗಿನವು ತಮ್ಮ ಭಾರಕ್ಕೆ ಇಳಿಯುತ್ತವೆ. ತಳದಲ್ಲಿ ರಬ್ಬರ್ ಸೀಲ್ ಇರುವ ಬಾಗಿಲು. ಯಾವಾಗಲೂ ಹತ್ತು ಕ್ಯಾನ್ ನೀರಲ್ಲಿರುವುದರಿಂದ 200 ಕೆ.ಜಿ. ಎಳೆತ ಹಗಲೂ ರಾತ್ರಿ ಸಿಗಬೇಕು. ಡೈನಮೊ ಜೋಡಿಸಿದರೆ ಮನೆಗೆ ಸಾಕಾಗುವುದಿಲ್ಲವೇ? ಕಾಲೇಜು ಓದಿದ ಅಣ್ಣನ ಮಗ ‘ಶಕ್ತಿ ಸಂರಕ್ಷಣಾ ನಿಯಮಕ್ಕೆ ವಿರುದ್ಧ’ ಎನ್ನುತ್ತಾನೆ. ಇರಬಹುದು. ಆದರೆ ನನ್ನ ಯಂತ್ರ ಯಾವ ಜಾಗದಲ್ಲಿ, ಯಾವುದಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ ಎಂದು ಅವನಿಗೂ ಹೇಳಲು ಬರುತ್ತಿಲ್ಲ.

ಉತ್ತರ: ನಿಮ್ಮ ಕೊನೆಯ ಮಾತು ನನಗೆ ಹಿಡಿಸಿತು. ನಿಯಮದ ಹೆಸರು ಹೇಳಿ ಬಾಯಿ ಮುಚ್ಚಿಸುವುದು ಸುಲಭ. ನಾನೂ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹಾಗೆ ಮಾಡಿದ್ದೇನೆ, ಆಮೇಲೆ ಪೇಚಾಡಿಕೊಂಡಿದ್ದೇನೆ. ಕಬ್ಬಿಣ ಕತ್ತರಿಸಿ ಬೆಸೆಯುವ ಮನುಷ್ಯನಿಗೆ ‘ಎಲ್ಲಿ ಸಿಕ್ಕಿಕೊಳ್ಳುತ್ತದೆ’ ಎಂಬುದು ಗೊತ್ತಾಗಲೇಬೇಕು. ಉತ್ತರ ಇಷ್ಟೆ: ತಳದ ಬಾಗಿಲಲ್ಲಿ, ಮುಂದಿನ ಕ್ಯಾನ್ ಒಳಕ್ಕೆ ತಲೆ ತೂರಿಸುವಾಗ. ಯಾಕೆಂದು ಲೆಕ್ಕ ಹಾಕಿಯೇ ನೋಡೋಣ.

ಮೊದಲು ಒಂದು ಸಣ್ಣ ಭ್ರಮೆ ಕಳೆಯಬೇಕು. ಹೊರಗಿನ ಕ್ಯಾನ್‌ಗಳು ಭಾರಕ್ಕೆ ಇಳಿಯುತ್ತವೆ ಎಂದಿರಿ. ಹೌದು, ಆದರೆ ಒಳಗೆ ಏರುವ ಕ್ಯಾನ್‌ಗಳಿಗೂ ಅಷ್ಟೇ ಭಾರವಿದೆ, ಅದನ್ನು ಚೈನು ಹೊತ್ತುಕೊಂಡೇ ಏರಬೇಕು. ಇಳಿಯುವುದು ಕೊಟ್ಟದ್ದನ್ನು ಏರುವುದು ತಿಂದುಹಾಕುತ್ತದೆ. ಡಬ್ಬಿಯ ತೂಕವನ್ನು ಮರೆತುಬಿಡಿ. ಉಳಿಯುವುದು ನೀರು ಮೇಲಕ್ಕೆ ತಳ್ಳುವ ಬಲ, ಪಠ್ಯಪುಸ್ತಕದ ಪ್ಲವನ ಬಲ ಮಾತ್ರ.

ನಿಮ್ಮ ಕ್ಯಾನ್ 20 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪ, 50 ಸೆಂ.ಮೀ. ಎತ್ತರದ ಚೌಕ ಡಬ್ಬಿ ಎಂದಿಟ್ಟುಕೊಳ್ಳೋಣ. ಸರಿಯಾಗಿ 20 ಲೀಟರ್. ಪೂರ್ತಿ ಮುಳುಗಿದರೆ 20 ಕೆ.ಜಿ. ಬಲದಿಂದ ಮೇಲಕ್ಕೆ ಜಗ್ಗುತ್ತದೆ. ತಳದಿಂದ ಹೊರಟು ತಲೆ ನೀರಿನ ಮಟ್ಟ ಮುಟ್ಟುವವರೆಗೆ ಅದು ಏರುವುದು 9.5 ಮೀಟರ್. 20 ಕೆ.ಜಿ. ಗುಣಿಸು 9.5 ಮೀಟರ್, ಅಂದರೆ 190 ಕೆ.ಜಿ.-ಮೀಟರ್ ಕೆಲಸ. ಒಂದು ಕೆ.ಜಿ. ಭಾರವನ್ನು ಒಂದು ಮೀಟರ್ ಎತ್ತುವುದಕ್ಕೆ ಒಂದು ಕೆ.ಜಿ.-ಮೀಟರ್ ಅನ್ನುತ್ತಿದ್ದೇನೆ, ಬೇರೇನಲ್ಲ. ಆಮೇಲೆ ಕ್ಯಾನ್ ನೀರಿಂದ ಹೊರಬರುವ ಅರ್ಧ ಮೀಟರಿನಲ್ಲಿ ತಳ್ಳುವ ಬಲ 20ರಿಂದ ಸೊನ್ನೆಗೆ ಇಳಿಯುತ್ತದೆ. ಸರಾಸರಿ 10 ಕೆ.ಜಿ., ಅರ್ಧ ಮೀಟರ್, 5 ಕೆ.ಜಿ.-ಮೀಟರ್. ಒಂದು ಕ್ಯಾನಿನಿಂದ ಒಟ್ಟು ಆದಾಯ 195.

ಈಗ ಖರ್ಚು. 10 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ 1,000 ಸೆಂ.ಮೀ. ಎತ್ತರದ ನೀರಿನ ಕಂಬ ಕೂತಿರುತ್ತದೆ. ಅದರ ತೂಕ ಒಂದು ಕೆ.ಜಿ. ನಿಮ್ಮ ಕ್ಯಾನಿನ ತಲೆ 400 ಚದರ ಸೆಂ.ಮೀ. ಬಾಗಿಲಲ್ಲಿ ತಲೆ ತೂರಿಸಿದ ಕೂಡಲೇ ಅದನ್ನು ನೀರು 400 ಕೆ.ಜಿ. ಬಲದಿಂದ ಹೊರಕ್ಕೆ ದಬ್ಬುತ್ತದೆ. ಅರ್ಧ ಮೀಟರ್ ಒಳಗೆ ಹೋಗುವ ಹೊತ್ತಿಗೆ ತಲೆ 9.5 ಮೀಟರ್ ಆಳದಲ್ಲಿರುತ್ತದೆ, ಬಲ 380ಕ್ಕೆ ಇಳಿದಿರುತ್ತದೆ. ಸರಾಸರಿ 390 ಕೆ.ಜಿ., ಅರ್ಧ ಮೀಟರ್. ಖರ್ಚು 195.

ಆದಾಯ 195, ಖರ್ಚು 195. ಹೊಂದಿಸಿ ಬರೆದ ಲೆಕ್ಕವಲ್ಲ. ಡಬ್ಬಿಯ ಆಕಾರ ಬದಲಿಸಿ, ತೊಟ್ಟಿಯ ಎತ್ತರ 30 ಮೀಟರ್ ಮಾಡಿ, ನೀರಿನ ಬದಲು ಪಾದರಸ ತುಂಬಿ, ಎರಡೂ ಕಡೆ ಒಂದೇ ಸಂಖ್ಯೆ ಬರುತ್ತದೆ.

ಆದರೆ ಹತ್ತು ಕ್ಯಾನ್ ಜಗ್ಗುತ್ತಿರುವಾಗ ಒಳಗೆ ಬರುವುದು ಒಂದೇ ತಾನೇ, ಹತ್ತರ ಬಲಕ್ಕೆ ಒಂದು ಸೋಲಬೇಕಲ್ಲ ಎಂದು ನಿಮಗೆ ಅನಿಸುತ್ತಿರಬೇಕು. ಕಾಲೇಜಿನಲ್ಲಿದ್ದಾಗ ನಾನೂ ಇದೇ ತರ್ಕ ಹಿಡಿದು, ಸೈಕಲ್ ಟ್ಯೂಬ್ ಕತ್ತರಿಸಿ ಸೀಲ್ ಮಾಡಿ, ಹಾಸ್ಟೆಲಿನ ಬಚ್ಚಲುಮನೆ ತುಂಬ ನೀರು ಮಾಡಿದವನು. ಚೈನನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ನೋಡಿ. ಒಂದು ಕ್ಯಾನ್ ಈಗಷ್ಟೇ ಪೂರ್ತಿ ಒಳಗೆ ಬಂದಿದೆ, ಮುಂದಿನದರ ತಲೆ ಬಾಗಿಲಿಂದ ಅರ್ಧ ಮೀಟರ್ ಕೆಳಗಿದೆ. ಈ ಅರ್ಧ ಮೀಟರ್ ನಿಮ್ಮ ಯಂತ್ರದ ಸುವರ್ಣಕಾಲ: ಹತ್ತು ಕ್ಯಾನ್ ಸೇರಿ 200 ಕೆ.ಜಿ. ಜಗ್ಗಿ 100 ಕೆ.ಜಿ.-ಮೀಟರ್ ಗಳಿಸುತ್ತವೆ. ಬಳಿಕ ಮುಂದಿನ ಕ್ಯಾನ್ ಬಾಗಿಲು ಮುಟ್ಟುತ್ತದೆ. ಅದೇ ಹೊತ್ತಿಗೆ ಮೇಲಿನದು ನೀರು ಬಿಟ್ಟು ಏಳತೊಡಗುತ್ತದೆ. ಎರಡನೆಯ ಅರ್ಧ ಮೀಟರಿನಲ್ಲಿ ಉಳಿದ ಒಂಬತ್ತೂ, ಹೊರಬರುತ್ತಿರುವ ಒಂದೂ ಸೇರಿ ಕೊಡುವುದು 95, ಬಾಗಿಲು ಕೇಳುವುದು 195. ಕೊರತೆ 100. ಮೊದಲರ್ಧದಲ್ಲಿ ಗಳಿಸಿದ್ದೆಲ್ಲ ಅಲ್ಲಿಗೆ ಸಮ. ಘರ್ಷಣೆಯೇ ಇಲ್ಲದಿದ್ದರೆ ಚೈನು ಕ್ಯಾನನ್ನು ಒಳಗೆಳೆದುಕೊಂಡು ಸರಿಯಾಗಿ ಅಲ್ಲಿಗೇ ನಿಲ್ಲುತ್ತಿತ್ತು. ಎಳ್ಳಷ್ಟು ಘರ್ಷಣೆ ಇದ್ದರೂ ಅಷ್ಟು ದೂರವೂ ಬರುವುದಿಲ್ಲ, ನೀರು ಕ್ಯಾನನ್ನು ಹಿಂದಕ್ಕೆ ದಬ್ಬಿ ಬಾಗಿಲ ಬಾಯಲ್ಲೇ ನಿಲ್ಲಿಸುತ್ತದೆ. ಡೈನಮೊ ಜೋಡಿಸಿದರೆ ಇನ್ನೂ ಮೊದಲೇ. ನನ್ನ ಹಾಸ್ಟೆಲ್ ಯಂತ್ರ ನಿಂತದ್ದೂ ಅದೇ ಭಂಗಿಯಲ್ಲಿ.

ಇಲ್ಲೊಂದು ಮಾತು. ಇಂಥ ಯಂತ್ರಗಳ ಬಗ್ಗೆ ಬರೆಯುವವರು ಎಷ್ಟೋ ಜನ ‘ಸೀಲ್ ಸೋರುತ್ತದೆ, ಘರ್ಷಣೆ ತಿನ್ನುತ್ತದೆ’ ಎಂದು ಮುಗಿಸುತ್ತಾರೆ. ಆ ಉತ್ತರ ನನಗೆ ಸೇರುವುದಿಲ್ಲ. ಅದು ಒಳ್ಳೆಯ ಬೇರಿಂಗ್, ಒಳ್ಳೆಯ ರಬ್ಬರ್ ಸಿಕ್ಕಿದರೆ ಆಗಿಬಿಡುತ್ತದೆ ಎಂಬ ಆಸೆ ಹುಟ್ಟಿಸುತ್ತದೆ, ಆ ಆಸೆಯಲ್ಲಿ ದುಡ್ಡು ಕಳೆದುಕೊಂಡವರಿದ್ದಾರೆ. ಒಂದು ಹನಿ ಸೋರದ, ಒಂದಿಷ್ಟೂ ಉಜ್ಜದ ಸೀಲ್ ಸಿಕ್ಕಿದರೂ ಉಳಿಯುವುದು ಸೊನ್ನೆ.

ಬಾಗಿಲಲ್ಲಿರುವ ಕ್ಯಾನಿಗೆ ತೇಲುವ ಬಲ ಯಾಕಿಲ್ಲ? ತೇಲುವುದು ಡಬ್ಬಿಯ ಗುಣವಲ್ಲ, ಅದಕ್ಕೆ. ನೀರು ಡಬ್ಬಿಯನ್ನು ಸುತ್ತಲಿಂದ ಒತ್ತುತ್ತದೆ. ತಳ ಆಳದಲ್ಲಿದೆ, ಅಲ್ಲಿ ಒತ್ತಡ ಹೆಚ್ಚು. ತಲೆ ಮೇಲಿದೆ, ಅಲ್ಲಿ ಕಡಿಮೆ. ಈ ವ್ಯತ್ಯಾಸಕ್ಕೇ ನಾವು ಪ್ಲವನ ಬಲ ಎನ್ನುವುದು. ಖಾಲಿ ಕೊಡವನ್ನು ಹಂಡೆಯ ನೀರಲ್ಲಿ ಅದುಮಿದರೆ ಅಂಗೈಗೆ ತಾಗುವುದು ಅದೇ. ಬಾಗಿಲಲ್ಲಿ ಸಿಕ್ಕ ಕ್ಯಾನಿನ ತಳ ಗಾಳಿಯಲ್ಲಿದೆ. ಕೆಳಗಿಂದ ತಳ್ಳಲು ನೀರೇ ಇಲ್ಲ, ಮೇಲಿಂದ ಅದುಮುವ ನೀರು ಮಾತ್ರ ಇದೆ. ತೊಟ್ಟಿಯ ತಳದಿಂದ ತಲೆಯವರೆಗೆ ಹಾದುಹೋಗುವ, ಎರಡೂ ತುದಿ ಹೊರಗಿರುವ ಒಂದು ಪೈಪನ್ನು ಊಹಿಸಿ. ಅದು ಎಷ್ಟು ದಪ್ಪವಿದ್ದರೂ ನೀರು ಅದನ್ನು ಪಕ್ಕದಿಂದ ಹಿಸುಕುತ್ತದೆಯೇ ಹೊರತು ಮೇಲಕ್ಕೆ ಎತ್ತುವುದಿಲ್ಲ. ನಿಮ್ಮ ಕ್ಯಾನ್‌ಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿದರೆ ಚೈನು ಅಂಥ ಪೈಪೇ ಆಗಿಬಿಡುತ್ತದೆ.

ಇದನ್ನು ನಂಬಬೇಡಿ, ಮಾಡಿ ನೋಡಿ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ಬುಡ ಕತ್ತರಿಸಿ, ಮುಚ್ಚಳ ತೆಗೆದು ತಲೆಕೆಳಗು ಹಿಡಿಯಿರಿ. ಒಳಗೊಂದು ಟೇಬಲ್ ಟೆನಿಸ್ ಚೆಂಡು ಹಾಕಿ. ಚೆಂಡನ್ನು ಬೆರಳಿನಿಂದ ಕತ್ತಿನ ಕಡೆಗೆ ಒತ್ತಿ ಹಿಡಿದು ಒಂದು ಗೇಣಷ್ಟು ನೀರು ತುಂಬಿ ಬೆರಳು ತೆಗೆಯಿರಿ. ಮೂರು ಗ್ರಾಂ ಕೂಡ ತೂಗದ ಚೆಂಡು ನೀರಿನ ಅಡಿಯಲ್ಲೇ ಕುಳಿತಿರುತ್ತದೆ. ತುಸು ನೀರು ಜಿನುಗಬಹುದು, ಚೆಂಡು ಮಾತ್ರ ಏಳುವುದಿಲ್ಲ. ಈಗ ಬಾಟಲಿಯ ಬಾಯಿಗೆ ಅಂಗೈ ಒತ್ತಿ. ಜಿನುಗಿದ ನೀರು ಚೆಂಡಿನ ಕೆಳಗೆ ತುಂಬಿದ ಕ್ಷಣ ಅದು ಟಣ್ಣನೆ ಮೇಲಕ್ಕೆ ಚಿಮ್ಮುತ್ತದೆ. ನೀರು ಕಡಿಮೆ ಹಾಕಿದರೆ ಮೊದಲೇ ತೇಲಿ ಆಟ ಕೆಡುತ್ತದೆ, ಹಾಗಾಗಿ ಗೇಣಿಗೆ ಕಡಿಮೆ ಮಾಡಬೇಡಿ.

ಬಾಗಿಲಿನ ಲೆಕ್ಕ ಯಾಕೆ ಪ್ರತಿ ಸಲ ಸೊನ್ನೆಗೇ ಬಂದು ನಿಲ್ಲುತ್ತದೆ? ನೋಟವನ್ನು ಕ್ಯಾನಿನಿಂದ ತೆಗೆದು ನೀರಿನ ಮೇಲೆ ಇಡಿ. 20 ಲೀಟರ್ ಕ್ಯಾನ್ ತಳ ಬಿಟ್ಟು ಮೇಲೇರಿದಾಗ ಅದು ಖಾಲಿ ಮಾಡಿದ ಜಾಗಕ್ಕೆ 20 ಲೀಟರ್ ನೀರು ಇಳಿಯುತ್ತದೆ. ಒಟ್ಟಾರೆ ನಡೆದದ್ದು 20 ಕೆ.ಜಿ. ನೀರು ಮೇಲಿಂದ ಕೆಳಕ್ಕೆ ಬಂದದ್ದು. ಕ್ಯಾನನ್ನು ಎತ್ತಿದ್ದು ಆ ಇಳಿತ. ತಕ್ಕಡಿಯ ಒಂದು ತಟ್ಟೆ ಇಳಿದಾಗ ಇನ್ನೊಂದು ಏರುವಂತೆ. ಮತ್ತೆ ತಳದಲ್ಲಿ ಹೊಸ ಕ್ಯಾನ್ ತುರುಕಿದಾಗ ಅಲ್ಲಿದ್ದ 20 ಲೀಟರ್ ನೀರು ಜಾಗ ಬಿಟ್ಟುಕೊಡಬೇಕು. ಅದಕ್ಕೆ ಹೋಗಲು ಇರುವ ದಾರಿ ಒಂದೇ, ಮೇಲಕ್ಕೆ. ಕ್ಯಾನ್ ಒಳಗೆ ಬರುವಾಗ ತೊಟ್ಟಿಯ ಮಟ್ಟ ಏರುತ್ತದೆ, ಹೊರಗೆ ಹೋಗುವಾಗ ಇಳಿಯುತ್ತದೆ. ನಿಮ್ಮ ಯಂತ್ರ ಮುಖವಾಡ ಹಾಕಿದ ಒಂದು ಜಲಪಾತ, ಬಿದ್ದ ನೀರನ್ನು ಮತ್ತೆ ಹೊತ್ತು ಮೇಲೆ ಸುರಿಯುವ ಕೂಲಿ ಕೆಲಸವನ್ನು ಬಾಗಿಲಿನ ಹತ್ತಿರ ಯಾರಿಗೂ ಕಾಣದಂತೆ ಮಾಡಬೇಕಾಗಿ ಬಂದಿದೆ, ಅಷ್ಟೆ.

ಇಷ್ಟು ಹೇಳಿದ ಮೇಲೆ ಹುಟ್ಟುವ ಉಪಾಯಗಳು ನನಗೆ ಗೊತ್ತು. ನೀವು ಚಾಪೆಯ ಕೆಳಗೆ ತೂರಿದರೆ ನೀರು ರಂಗೋಲಿಯ ಕೆಳಗೆ ತೂರುತ್ತದೆ.

ಮೊದಲನೆಯದು ಎರಡು ಬಾಗಿಲಿನ ಕೋಣೆ. ಕ್ಯಾನನ್ನು ಕೋಣೆಗೆ ಬಿಟ್ಟು, ಹೊರಬಾಗಿಲು ಹಾಕಿ, ಒಳಬಾಗಿಲು ತೆರೆದರೆ 400 ಕೆ.ಜಿ. ಎದುರಿಸಬೇಕಾಗಿಲ್ಲ, ನಿಜ. ಕ್ಯಾನ್ ಮೇಲೆ ಹೋಯಿತು, ಕೋಣೆ ಪೂರ್ತಿ ನೀರಾಯಿತು. ಮುಂದಿನ ಕ್ಯಾನಿಗೆ ಜಾಗ ಮಾಡಲು ಆ ನೀರನ್ನು ಹೊರಗೆ ಚೆಲ್ಲಬೇಕು. ಪ್ರತಿ ಸುತ್ತಿಗೂ ಕಡಿಮೆಯೆಂದರೆ 20 ಲೀಟರ್. ತೊಟ್ಟಿ ಬರಿದಾಗಬಾರದೆಂದರೆ ಅದನ್ನು 10 ಮೀಟರ್ ಎತ್ತಿ ಸುರಿಯಬೇಕು: 200 ಕೆ.ಜಿ.-ಮೀಟರ್. ಬಾಗಿಲಿಗೆ ಕೊಡುವುದನ್ನು ಪಂಪಿಗೆ ಕೊಟ್ಟಿರಿ, ಮೇಲೆ ಐದು ಹೆಚ್ಚಿಗೆ.

ಎರಡನೆಯದು ಗಾಳಿ. ಬಾಯಿ ಕೆಳಗಾದ ಬಕೆಟ್‌ಗಳಿಗೆ ತಳದಲ್ಲಿ ಕಂಪ್ರೆಸರಿನಿಂದ ಗಾಳಿ ತುಂಬುವುದು. ವಿಡಿಯೊಗಳಲ್ಲಿ ಹೆಚ್ಚು ಓಡಾಡುವುದು ಇದೇ, ಏಕೆಂದರೆ ಇದು ನಿಜಕ್ಕೂ ತಿರುಗುತ್ತದೆ, ನೋಡಲು ಚೆಂದ. 10 ಮೀಟರ್ ಆಳದಲ್ಲಿ ಗಾಳಿ ಸುಮಾರು ಅರ್ಧದಷ್ಟಕ್ಕೆ ಕುಗ್ಗುತ್ತದೆ, ಹಾಗಾಗಿ ಅಲ್ಲಿ 20 ಲೀಟರ್ ಬೇಕೆಂದರೆ ಮೇಲಿಂದ ಸುಮಾರು 40 ಲೀಟರ್ ಗಾಳಿ ತಳ್ಳಬೇಕು. ಬಿಸಿಯಾಗದೆ ನಿಧಾನವಾಗಿ ಒತ್ತುವ ಆದರ್ಶ ಕಂಪ್ರೆಸರಿಗೂ ಅದಕ್ಕೆ ಸುಮಾರು 2,700 ಜೂಲ್ ಬೇಕು (ಒಂದು ಕೆ.ಜಿ.-ಮೀಟರ್ ಅಂದರೆ ಸುಮಾರು 10 ಜೂಲ್). ಏರುತ್ತ ಏರುತ್ತ ಗಾಳಿ ಹಿಗ್ಗಿ, ಬಕೆಟ್ ಅದನ್ನೆಲ್ಲ ಹಿಡಿದಿಟ್ಟುಕೊಂಡರೆ ವಾಪಸು ಬರುವುದೂ ಅದೇ 2,700. ಹಿಗ್ಗಿದ ಗಾಳಿ ಅಂಚಿನಿಂದ ಗುಳುಗುಳು ಹೊರಗೆ ಹೋದರೆ ಸಿಗುವುದು 2,000ಕ್ಕೂ ಕಡಿಮೆ. ನಿಜವಾದ ಕಂಪ್ರೆಸರ್ ಮುಟ್ಟಿದರೆ ಕೈ ಸುಡುತ್ತದಲ್ಲ, ಆ ಬಿಸಿಯ ಬಿಲ್ಲು ಬೇರೆ. ಅಂಥ ವಿಡಿಯೊದಲ್ಲಿ ಚಕ್ರ ನೋಡುವುದನ್ನು ಬಿಟ್ಟು ಕಂಪ್ರೆಸರಿನ ವೈರ್ ಎಲ್ಲಿಗೆ ಹೋಗಿದೆ ಎಂದು ಹುಡುಕಿ.

ಚಕ್ರದ ಅರ್ಧ ಭಾಗ ತೊಟ್ಟಿಯೊಳಗೆ, ಅರ್ಧ ಹೊರಗೆ ಇಡುವ ಉಪಾಯವೂ ಹಳೆಯದು. ಉರುಟಾದ ಚಕ್ರದ ಮೇಲೆ ನೀರು ಒತ್ತುವ ಪ್ರತಿ ಬಲವೂ ನೇರ ಅಚ್ಚಿನ ಕಡೆಗೇ ಹೋಗುತ್ತದೆ, ಅಚ್ಚನ್ನು ಬಗ್ಗಿಸಬಹುದು, ಚಕ್ರ ತಿರುಗಿಸಲಾರದು. ತಿದಿಯಂತೆ ಹಿಗ್ಗಿ ಕುಗ್ಗುವ ಚೀಲಕ್ಕೆ ತೂಕ ಕಟ್ಟುವ ಉಪಾಯದಲ್ಲಿ ಚೀಲ ತಳದಲ್ಲಿ ಹಿಗ್ಗಬೇಕು, ಹಿಗ್ಗುವಾಗ ಅಲ್ಲಿನ ನೀರನ್ನು ಎತ್ತಲೇಬೇಕು. ಮತ್ತೆ ಅದೇ ಲೆಕ್ಕ.

ಈ ಹುಚ್ಚು ನಿಮಗೆ ನನಗೆ ಮಾತ್ರ ಹತ್ತಿದ್ದಲ್ಲ. 12ನೇ ಶತಮಾನದಲ್ಲಿ ಎರಡನೆಯ ಭಾಸ್ಕರಾಚಾರ್ಯರು ಪೊಳ್ಳು ಕಡ್ಡಿಗಳಲ್ಲಿ ಅರ್ಧ ಪಾದರಸ ತುಂಬಿದ, ತಾನೇ ತಿರುಗುವ ಚಕ್ರವನ್ನು ‘ಸಿದ್ಧಾಂತ ಶಿರೋಮಣಿ’ಯಲ್ಲಿ ವರ್ಣಿಸಿದ್ದಾರೆ. ಅವರ ಊರು ಇಂದಿನ ವಿಜಯಪುರ ಎಂದು ಹಲವರು, ಅಲ್ಲ ಎಂದು ಹಲವರು. ಇನ್ನೊಂದು ಕಥೆ ನಮಗೆ ಇನ್ನೂ ಹತ್ತಿರದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅವುಗಳ ಜಾಡು ಹಿಡಿದು ಬ್ರಿಟಿಷ್ ಸೇನೆಗೆ ರಾಕೆಟ್ ಮಾಡಿಕೊಟ್ಟವನು ವಿಲಿಯಂ ಕಾಂಗ್ರೀವ್. ಅದೇ ಕಾಂಗ್ರೀವ್ 1827ರಲ್ಲಿ ಒಂದು ನಿರಂತರ ಚಲನ ಯಂತ್ರವನ್ನು ಪ್ರಕಟಿಸಿದ. ಮೂರು ಉರುಳೆಗಳ ಮೇಲೆ ಸುತ್ತುವ ಸ್ಪಂಜಿನ ಪಟ್ಟಿ, ಕೆಳಭಾಗ ನೀರಲ್ಲಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಒಂದು ಕಡೆ ಸ್ಪಂಜು ನೀರು ಹೀರಿ ಭಾರವಾಗಬೇಕು, ಇನ್ನೊಂದು ಕಡೆ ಸರಪಳಿಯ ತೂಕ ಸ್ಪಂಜನ್ನು ಹಿಂಡಿ ಹಗುರ ಮಾಡಬೇಕು. ಗನ್‌ಪೌಡರಿನ ಲೆಕ್ಕದಲ್ಲಿ ಅಷ್ಟು ಚುರುಕಾಗಿದ್ದ ಮನುಷ್ಯ ಹಿಂಡುವುದಕ್ಕೆ ತಗಲುವ ಕೆಲಸವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಾಂಗ್ರೀವ್‌ಗಿಂತ 240 ವರ್ಷ ಮೊದಲೇ ಒಬ್ಬ ಇದನ್ನು ತಲೆಕೆಳಗು ಮಾಡಿ ನೋಡಿದ್ದ. ನಾನು ತರಗತಿಯಲ್ಲಿ ಹೇಳಲು ಅತ್ಯಂತ ಇಷ್ಟಪಡುವುದು ಈ ಭಾಗ. ಸೈಮನ್ ಸ್ಟೆವಿನ್ ಎಂಬ ಡಚ್ಚರ ಎಂಜಿನಿಯರ್ 1586ರ ತನ್ನ ಪುಸ್ತಕದಲ್ಲಿ ಕೇಳಿದ್ದು ಇದು: ನೀರೊಳಗಿನ ಒಂದು ತುಂಡು ನೀರನ್ನು ಮನಸ್ಸಿನಲ್ಲೇ ಗೆರೆ ಎಳೆದು ಬೇರೆ ಮಾಡಿ. ಅದು ಇದ್ದಲ್ಲಿ ಇರುತ್ತದೋ, ಇಳಿಯುತ್ತದೋ, ಏರುತ್ತದೋ? ಇಳಿದರೆ ಅದರ ಜಾಗಕ್ಕೆ ಬಂದ ನೀರೂ ಅದೇ ಕಾರಣಕ್ಕೆ ಇಳಿಯಬೇಕು, ಅದರ ಹಿಂದಿನದೂ ಇಳಿಯಬೇಕು, ನಿಂತ ನೀರು ಎಂದೆಂದಿಗೂ ಸುತ್ತುತ್ತಿರಬೇಕು. ಅದು ಅಸಂಗತ. ಹಾಗಾದರೆ ಆ ತುಂಡು ನಿಂತಲ್ಲೇ ನಿಲ್ಲುತ್ತದೆ, ಸುತ್ತಲಿನ ನೀರು ಅದರ ತೂಕದಷ್ಟನ್ನೇ ಸರಿಯಾಗಿ ಹೊರುತ್ತಿದೆ. ಈಗ ಆ ನೀರಿನ ಜಾಗದಲ್ಲಿ ನಿಮ್ಮ ಕ್ಯಾನ್ ಇಡಿ. ಸುತ್ತಲಿನ ನೀರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಮೊದಲಿನಷ್ಟೇ ತಳ್ಳುತ್ತದೆ. ಅದೇ ಆರ್ಕಿಮಿಡೀಸ್ ತತ್ವ. ಅಂದರೆ ನಿಮ್ಮ ಕ್ಯಾನನ್ನು ಮೇಲೆತ್ತುವ ನಿಯಮವನ್ನು ಆತ ಕಟ್ಟಿದ್ದೇ ನಿರಂತರ ಚಲನೆ ಸಾಧ್ಯವಿಲ್ಲ ಎಂಬ ಬುನಾದಿಯ ಮೇಲೆ. ಶಕ್ತಿ ಸಂರಕ್ಷಣಾ ನಿಯಮವೆಂದು ನಿಮ್ಮ ಅಣ್ಣನ ಮಗ ಹೇಳಿದ್ದಕ್ಕೆ ರೂಪ ಬರಲು 19ನೇ ಶತಮಾನದವರೆಗೆ ಕಾಯಬೇಕಾಯಿತು.

ಪ್ಯಾರಿಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ಇಂಥ ಯಂತ್ರಗಳ ಅರ್ಜಿ ಇನ್ನು ಪರಿಶೀಲಿಸುವುದಿಲ್ಲ ಎಂದು ತೀರ್ಮಾನಿಸಿತು. ನಮ್ಮ 1970ರ ಪೇಟೆಂಟ್ ಕಾಯಿದೆಯ ಮೂರನೇ ಸೆಕ್ಷನ್ನಿನ ಮೊದಲ ಕಲಮೂ ಸ್ಥಾಪಿತ ಪ್ರಕೃತಿ ನಿಯಮಗಳಿಗೆ ಎದ್ದುಕಾಣುವಂತೆ ವಿರುದ್ಧವಾದದ್ದು ಆವಿಷ್ಕಾರವೇ ಅಲ್ಲ ಎನ್ನುತ್ತದೆ. ಪೇಟೆಂಟ್ ಕೊಡಿಸುತ್ತೇನೆಂದು ಯಾರಾದರೂ ಮುಂಗಡ ಕೇಳಿದರೆ ಇಷ್ಟು ನೆನಪಿರಲಿ.

ತೇಲುವ ಬಲದಿಂದ ಏರಿಳಿಯುವ ಪ್ರಾಮಾಣಿಕ ಯಂತ್ರಗಳೂ ಇವೆ. ಆರ್ಗೊ ಎಂಬ ಯೋಜನೆಯಲ್ಲಿ ಸುಮಾರು 4,000 ಉಪಕರಣಗಳು ಜಗತ್ತಿನ ಸಾಗರಗಳಲ್ಲಿ ಏರಿಳಿಯುತ್ತಿವೆ, ಭಾರತದ ಪಾಲಿನದನ್ನು ಹೈದರಾಬಾದಿನ ಇಂಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ನೋಡಿಕೊಳ್ಳುತ್ತದೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆದ್ದು ಉಷ್ಣತೆ, ಲವಣಾಂಶಗಳ ವರದಿಯನ್ನು ಉಪಗ್ರಹಕ್ಕೆ ಕಳಿಸಿ ಮತ್ತೆ ಮುಳುಗುತ್ತವೆ. ಏಳಬೇಕಾದಾಗ ಪಂಪೊಂದು ಒಳಗಿನ ಎಣ್ಣೆಯನ್ನು ಹೊರಗಿನ ರಬ್ಬರ್ ಚೀಲಕ್ಕೆ ತಳ್ಳುತ್ತದೆ, ತೂಕ ಅಷ್ಟೇ ಇದ್ದು ಗಾತ್ರ ಹಿಗ್ಗುತ್ತದೆ. ಕಾಲು ಲೀಟರ್ ಎಣ್ಣೆ ಎಂದು ಹಿಡಿಯಿರಿ. ಆ ಆಳದಲ್ಲಿ ಅದನ್ನು ಹೊರದಬ್ಬುವ ಖರ್ಚು ಕಾಲು ಕೆ.ಜಿ. ನೀರನ್ನು 2,000 ಮೀಟರ್ ಎತ್ತಿದಷ್ಟೇ: 500 ಕೆ.ಜಿ.-ಮೀಟರ್, ಸುಮಾರು 5 ಕಿಲೋಜೂಲ್. ಕೊಡುವುದು ಬ್ಯಾಟರಿ. ಅದು ತೀರಿದ ದಿನ ಉಪಕರಣದ ಏರಿಳಿತವೂ ತೀರಿತು. ಬ್ಯಾಟರಿಯ ಬದಲು ಮೇಲಿನ ಬೆಚ್ಚಗಿನ ನೀರಲ್ಲಿ ಕರಗಿ ಹಿಗ್ಗುವ, ಆಳದ ತಣ್ಣೀರಲ್ಲಿ ಗಟ್ಟಿಯಾಗುವ ಮೇಣ ಬಳಸಿ ಏರಿಳಿಯುವ ಸಾಗರ ಗ್ಲೈಡರ್‌ಗಳನ್ನೂ ಮಾಡಿದ್ದಾರೆ. ಅಲ್ಲಿ ದುಡ್ಡು ಕೊಡುವವನು ಸೂರ್ಯ.

ಕೊನೆಗೆ ನಿಮ್ಮ ತೊಟ್ಟಿಯ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಒಂದು ವಾಕ್ಯವನ್ನು ನೀವೇ ದಾಟಿಕೊಂಡು ಹೋಗಿದ್ದೀರಿ: ಹಳ್ಳದಿಂದ ಪೈಪ್ ಎಳೆದರೆ ಪಂಪಿಲ್ಲದೆ 10 ಮೀಟರಿನ ತೊಟ್ಟಿ ತುಂಬುತ್ತದೆ ಎಂದು. ಹಾಗಾದರೆ ಮೇಲೆ ಸುರಿಯುವ ಕೂಲಿ ಕೆಲಸ ನಿಮ್ಮಲ್ಲಿ ಆಗಲೇ ಆಗಿದೆ, ಮಳೆ ಮಾಡಿಟ್ಟಿದೆ. ಚೈನೂ ಬೇಡ, ಕ್ಯಾನೂ ಬೇಡ. ಸೆಕೆಂಡಿಗೆ 20 ಲೀಟರ್ ನೀರು 10 ಮೀಟರ್ ಇಳಿದರೆ ಅದರಲ್ಲಿರುವುದು ಸುಮಾರು 1,960 ವಾಟ್. ಸಣ್ಣ ಟರ್ಬೈನು ಅರ್ಧವನ್ನೇ ಹಿಡಿದರೂ ಮನೆಯ ದೀಪ, ಫ್ಯಾನು, ಟಿ.ವಿ. ನಡೆಯುತ್ತವೆ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಇಂಥ ಕಿರು ಟರ್ಬೈನು ಮಳೆಗಾಲವಿಡೀ ತಿರುಗುತ್ತಿದೆ, ಕರೆಂಟ್ ಹೋಗುವುದೂ ಹಳ್ಳ ತುಂಬುವುದೂ ಒಂದೇ ತಿಂಗಳುಗಳಲ್ಲಿ ಎಂಬುದು ಅನುಕೂಲವೇ.

ಗಾರೆಯವರು ಬಳಸುವ ನೀರಿನ ಲೆವೆಲ್ ಪೈಪ್ ಹಿಡಿದು ಹಳ್ಳದಿಂದ ಮನೆಯವರೆಗೆ ಎಷ್ಟು ಇಳಿಜಾರಿದೆ ಎಂದು ಅಳೆಯಿರಿ. ಶ್ರಾವಣದಲ್ಲೊಮ್ಮೆ, ದೀಪಾವಳಿಗೊಮ್ಮೆ, ಸಂಕ್ರಾಂತಿಗೊಮ್ಮೆ ಹಳ್ಳದ ನೀರನ್ನು ಪೈಪಿನಿಂದ ನಿಮ್ಮ ವೆಲ್ಡಿಂಗ್ ಶಾಪಿನ 200 ಲೀಟರ್ ಡ್ರಮ್ಮಿಗೆ ಬಿಟ್ಟು, ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದಿಡಿ. ಆ ನಾಲ್ಕು ಸಂಖ್ಯೆ ಕಳಿಸಿದರೆ ಯಾವ ಅಳತೆಯ ಪೈಪು, ಎಂಥ ಟರ್ಬೈನು ಎಂದು ಮುಂದಿನ ಸಲ ಲೆಕ್ಕ ಹಾಕೋಣ.